ಮೊಬೈಲ್ ಸಂಖ್ಯೆ ಯಾರ ಹೆಸರಿನಲ್ಲಿದೆ, ಇ-ಮೇಲ್ ಯಾರ ಕೈಯಲ್ಲಿದೆ?

2024ನೆಯ ಇಸವಿಯ ಏಪ್ರಿಲ್ ತಿಂಗಳ ಎರಡನೆಯ ವಾರ. ಹುಬ್ಬಳ್ಳಿಯಲ್ಲಿ ಒಣಮೆಣಸಿನಕಾಯಿಯ ಸಗಟು ವ್ಯಾಪಾರ ನಡೆಸುವ ನನ್ನ ಹಳೆಯ ಕಕ್ಷಿದಾರರೊಬ್ಬರು ನಾನು ಕಚೇರಿ ತೆರೆಯುವ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದರು. ಬ್ಯಾಡಗಿಯ ದಲಾಲರಿಗೆ ಅವರು ಕೊಟ್ಟಿದ್ದ ಚೆಕ್ಕು ಹಿಂದಿರುಗಿತ್ತು. ಬ್ಯಾಂಕಿನಲ್ಲಿ ವಿಚಾರಿಸಿದಾಗ ಜಿಎಸ್‌ಟಿ ಬಾಕಿಯ ವಸೂಲಿಗಾಗಿ ಖಾತೆ ಜಪ್ತಿಯಾಗಿದೆ ಎಂಬ ಉತ್ತರ ದೊರಕಿತ್ತು. ಅವರು ಹೇಳಿದ್ದು ಒಂದೇ ಮಾತು: "ಆಡಿಟರ್ ಸಾಹೇಬ್ರ, ನನಗ ನೋಟೀಸೇ ಬಂದಿಲ್ಲಲ್ರೀ."

ನೋಟೀಸು ಬಂದಿತ್ತು. 2017-18ನೆಯ ಸಾಲಿನ ತೆರಿಗೆ ಜಮೆಯ ವ್ಯತ್ಯಾಸದ ಬಗೆಗೆ ಕಾರಣ ಕೇಳುವ ನೋಟೀಸು, ಅದರ ಹಿಂದೆ ಜ್ಞಾಪನ ಪತ್ರಗಳು, ಕೊನೆಗೆ 2023ರ ಡಿಸೆಂಬರ್ ಅಂತ್ಯದಲ್ಲಿ ಏಕಪಕ್ಷೀಯ ಆದೇಶ, ಹೀಗೆ ಎಲ್ಲವೂ ಕ್ರಮವಾಗಿ ಜಾರಿಯಾಗಿದ್ದವು. ಆದರೆ ಅವು ಹೋಗಿ ಸೇರಿದ್ದು 2017ರಲ್ಲಿ ವ್ಯಾಟ್‌ನಿಂದ ಜಿಎಸ್‌ಟಿಗೆ ಬದಲಾಗುವ ಅವಸರದಲ್ಲಿ ನನ್ನ ಕಚೇರಿಯ ಸಹಾಯಕನೊಬ್ಬ ತೆರೆದಿದ್ದ ಇ-ಮೇಲ್ ಖಾತೆಗೆ. ಆತ 2019ರಲ್ಲಿ ಕೆಲಸ ಬಿಟ್ಟ ಮೇಲೆ ಆ ಪೆಟ್ಟಿಗೆಯನ್ನು ಯಾರೂ ತೆರೆದಿರಲಿಲ್ಲ. ನೋಂದಣಿಯಲ್ಲಿದ್ದ ಮೊಬೈಲ್ ಸಂಖ್ಯೆ ಕಕ್ಷಿದಾರರ ಗುಮಾಸ್ತನ ಸ್ವಂತ ಸಂಖ್ಯೆ. ಆತ ರೀಚಾರ್ಜ್ ಮಾಡದೆ ಬಿಟ್ಟು, ಅದು ಯಾವಾಗಲೋ ರದ್ದಾಗಿತ್ತು. ತಪ್ಪಿನಲ್ಲಿ ಅರ್ಧ ಪಾಲು ನನ್ನದೆಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಆ ವರ್ಷ ನಮ್ಮ ವೃತ್ತಿಯ ಅನೇಕ ಕಚೇರಿಗಳಲ್ಲಿ ಇದೇ ರೂಢಿಯಿತ್ತೆಂಬುದು ನನಗೆ ಸಮಾಧಾನ ಕೊಡುವ ಮಾತಲ್ಲ.

ಸ್ಮಾರ್ಟ್‌ಫೋನ್ ಕೊಳ್ಳುವಾಗ ನಮ್ಮ ಸದಸ್ಯರು ನನ್ನನ್ನು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡು. ಯಾವ ಕಂಪನಿಯ ಸಿಮ್ ಒಳ್ಳೆಯದು? ಅದರಲ್ಲಿ ಇ-ಮೇಲ್ ಹೇಗೆ ಹಾಕಿಸಿಕೊಳ್ಳಬೇಕು? ಇವೆರಡಕ್ಕೂ ಮುಂದೆ ಉತ್ತರಿಸಲು ಯತ್ನಿಸಿದ್ದೇನೆ. ಆದರೆ ಇವಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯಿದೆ. ಆ ಸಂಖ್ಯೆ ಯಾರ ಹೆಸರಿನಲ್ಲಿದೆ? ಆ ಇ-ಮೇಲ್ ವಿಳಾಸದ ಕೀಲಿಕೈ ಯಾರ ಬಳಿಯಿದೆ? ಇವೆರಡೂ ಅಢಾವೆ ಪತ್ರಿಕೆಯಲ್ಲಿ ಕಾಣದ ಸ್ವತ್ತುಗಳು. ಅಂಗಡಿಯ ಕಟ್ಟಡದ ಪತ್ರಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವ ನಾವು, ಈ ಸ್ವತ್ತುಗಳನ್ನು ಗುಮಾಸ್ತನ ಜೇಬಿನಲ್ಲಿ ಬಿಟ್ಟಿದ್ದೇವೆ.

ಕಂಪನಿಗಳು ಬದಲಾದವು, ಸಂಖ್ಯೆ ಉಳಿಯಿತು

ದೇಶದ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು, ಕಲ್ಕತ್ತೆಯಿಂದ ದೆಹಲಿಗೆ. ಅಂದು ಒಳಬರುವ ಕರೆಗೂ ಹಣ ತೆರಬೇಕಿತ್ತು. ಕರೆ ಮಾಡಿದವರೇ ಹಣ ಕೊಡುವ ಪದ್ಧತಿ 2003ರಲ್ಲಿ ಜಾರಿಗೆ ಬಂದ ಮೇಲೆ ಮೊಬೈಲ್ ಪೇಟೆಯ ಪ್ರತಿಯೊಂದು ಗಲ್ಲೆಗೂ ಬಂದಿತು. ನಮ್ಮ ರಾಜ್ಯದಲ್ಲಿ ಮೊದಮೊದಲು ಸ್ಪೈಸ್ ಸಂಖ್ಯೆ ಪಡೆದವರನ್ನೇ ಉದಾಹರಣೆಯಾಗಿ ನೋಡೋಣ. 2008ರಲ್ಲಿ ಸ್ಪೈಸ್ ಐಡಿಯಾದ ವಶವಾಯಿತು. 2018ರಲ್ಲಿ ಐಡಿಯಾ ವೊಡಾಫೋನಿನೊಂದಿಗೆ ಒಂದಾಯಿತು. 2020ರಲ್ಲಿ ಅದರ ಹೆಸರು ವಿಐ ಎಂದಾಯಿತು. ಫಲಕ ಮೂರು ಬಾರಿ ಬದಲಾದರೂ ಗ್ರಾಹಕರ ಹತ್ತು ಅಂಕಿಗಳು ಬದಲಾಗಲಿಲ್ಲ. ರಿಲಯನ್ಸ್ ಕಮ್ಯುನಿಕೇಷನ್ಸ್ 2017ರ ಕೊನೆಯಲ್ಲಿ ಧ್ವನಿ ಸೇವೆ ನಿಲ್ಲಿಸಿದಾಗ, 2018ರಲ್ಲಿ ಏರ್‌ಸೆಲ್ ದಿವಾಳಿಯ ಹಾದಿ ಹಿಡಿದಾಗ, ಗ್ರಾಹಕರು ತಮ್ಮ ಸಂಖ್ಯೆಗಳನ್ನು ಬೇರೆ ಕಂಪನಿಗೆ ಒಯ್ಯಲು ಧಾವಿಸಬೇಕಾಯಿತು.

ಸಂಖ್ಯೆಯನ್ನು ಹಾಗೆ ಒಯ್ಯಲು ಸಾಧ್ಯವಾದದ್ದು ಪೋರ್ಟಬಿಲಿಟಿ ಎಂಬ ಸೌಕರ್ಯದಿಂದ. ಇದು 2010ರ ನವೆಂಬರಿನಲ್ಲಿ ಹರಿಯಾಣದಲ್ಲಿ ಆರಂಭವಾಗಿ, 2011ರ ಜನವರಿ 20ರಿಂದ ದೇಶಾದ್ಯಂತ ಜಾರಿಗೆ ಬಂದಿತು. 2015ರ ಜುಲೈನಿಂದ ಒಂದು ರಾಜ್ಯದ ಸಂಖ್ಯೆಯನ್ನು ಇನ್ನೊಂದು ರಾಜ್ಯಕ್ಕೂ ಒಯ್ಯಬಹುದಾಗಿದೆ. ಆದುದರಿಂದ ಸೇವಾದಾತ ಕಂಪನಿಯ ಆಯ್ಕೆ ಜೀವಮಾನದ ನಿರ್ಧಾರವೆಂದು ಭಯಪಡಬೇಕಾಗಿಲ್ಲ. ಸಂಖ್ಯೆ ನಿಮ್ಮದಾಗಿದ್ದರೆ ಕಂಪನಿಯನ್ನು ಬದಲಿಸಬಹುದು. ಸಂಖ್ಯೆ ಇನ್ನೊಬ್ಬರ ಹೆಸರಿನಲ್ಲಿದ್ದರೆ ನಿಮಗೆ ಆ ಅಧಿಕಾರವೇ ಇಲ್ಲ.

ಸೇವಾದಾತ ಕಂಪನಿಯ ಆಯ್ಕೆ

ದರಪಟ್ಟಿಯನ್ನು ಕೊನೆಯಲ್ಲಿ ನೋಡಿರಿ. ಮೊದಲು ನೋಡಬೇಕಾದುದು ನೀವು ದಿನವೂ ನಿಲ್ಲುವ ನಾಲ್ಕೈದು ಸ್ಥಳಗಳು: ಅಂಗಡಿಯ ಗಲ್ಲೆ, ಉಗ್ರಾಣ, ಮಾರುಕಟ್ಟೆ ಪ್ರಾಂಗಣ, ಮನೆ ಹಾಗೂ ಸರಕು ಸಾಗುವ ರಸ್ತೆ. ತಗಡಿನ ಛಾವಣಿಯ ಉಗ್ರಾಣದೊಳಗೆ, ಕಾಂಕ್ರೀಟ್ ನೆಲಮಾಳಿಗೆಯಲ್ಲಿ ಸಿಗ್ನಲ್ ಕುಸಿಯುವುದು ಎಲ್ಲರ ಅನುಭವ. 700, 850, 900 ಮೆಗಾಹರ್ಟ್ಸ್‌ನಂತಹ ಕೆಳ ತರಂಗಾಂತರಗಳು ಗೋಡೆಗಳನ್ನು ಹೆಚ್ಚು ಚೆನ್ನಾಗಿ ದಾಟುತ್ತವೆ ಮತ್ತು ಹೆಚ್ಚು ದೂರ ಸಾಗುತ್ತವೆ. 2300 ಅಥವಾ 3500 ಮೆಗಾಹರ್ಟ್ಸ್‌ನ ಅಲೆಗಳು ವೇಗ ಹೆಚ್ಚು ಕೊಟ್ಟರೂ ಗೋಡೆಯ ಬಳಿ ಸೋಲುತ್ತವೆ. 2022ರ ಅಕ್ಟೋಬರಿನಲ್ಲಿ ಬಂದ 5ಜಿ ಸೇವೆಯ ಜಾಹೀರಾತಿನ ವೇಗ ನಿಮ್ಮ ಉಗ್ರಾಣದ ಮೂಲೆಯಲ್ಲಿ ದೊರಕದೆ ಹೋಗಲು ಇದೂ ಒಂದು ಕಾರಣ. ಅಂಥಲ್ಲಿ ಬ್ರಾಡ್‌ಬ್ಯಾಂಡ್ ಇದ್ದರೆ ವೈ-ಫೈ ಮೂಲಕವೇ ಕರೆ ಮಾಡುವ ಸೌಕರ್ಯವನ್ನು ಫೋನಿನಲ್ಲಿ ಚಾಲನೆಗೊಳಿಸಿಕೊಳ್ಳಬಹುದು.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರಲ್ಲಿ ಹೊರಡಿಸಿದ ಸೇವಾ ಗುಣಮಟ್ಟದ ನಿಯಮಗಳಂತೆ, ಕಂಪನಿಗಳು ತಮ್ಮ ಸೇವೆ ಎಲ್ಲೆಲ್ಲಿ ಲಭ್ಯ ಎಂಬ ನಕ್ಷೆಯನ್ನು ತಮ್ಮ ಜಾಲತಾಣದಲ್ಲಿ ಪ್ರಕಟಿಸಬೇಕು. ಮೊದಲು ಅದನ್ನು ನೋಡಿರಿ. ಆದರೆ ನಕ್ಷೆಯನ್ನೇ ನಂಬಿ ಹಳೆಯ ಸಂಖ್ಯೆಯನ್ನು ವರ್ಗಾಯಿಸಬೇಡಿರಿ. ಒಮ್ಮೆ ವರ್ಗಾಯಿಸಿದರೆ 90 ದಿನಗಳವರೆಗೆ ಮತ್ತೆ ವರ್ಗಾಯಿಸಲಾಗದು. ಆದುದರಿಂದ ಒಂದು ತಿಂಗಳ ಮಟ್ಟಿಗೆ ಬೇರೊಂದು ಪ್ರೀಪೇಯ್ಡ್ ಸಿಮ್ ಕೊಂಡು, ಫೋನಿನ ಎರಡನೆಯ ಕಿಂಡಿಯಲ್ಲಿ ಹಾಕಿ, ಮೇಲೆ ಹೇಳಿದ ಸ್ಥಳಗಳಲ್ಲೆಲ್ಲ ಪರೀಕ್ಷಿಸುವುದು ಕ್ಷೇಮ. ಸರಕು ಕೊಳ್ಳುವ ಮುನ್ನ ಮಾದರಿ ನೋಡುವ ವ್ಯಾಪಾರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಶಿರಸಿ, ಯಲ್ಲಾಪುರದ ಕಡೆ ಅಡಿಕೆ ಖರೀದಿಗೆ ಹೋಗುವವರಿಗೆ ಇನ್ನೊಂದು ಮಾತು. ಘಟ್ಟದ ಒಳಹಳ್ಳಿಗಳಲ್ಲಿ ಹಲವೆಡೆ ಬಿಎಸ್‌ಎನ್‌ಎಲ್ ಗೋಪುರವೊಂದೇ ಆಸರೆ. ಈ ಸರ್ಕಾರಿ ಸಂಸ್ಥೆ ಸ್ವದೇಶಿ ತಂತ್ರಜ್ಞಾನದ ತನ್ನ 4ಜಿ ಜಾಲವನ್ನು 2025ರ ಸೆಪ್ಟೆಂಬರಿನಲ್ಲಿ ವಿಧ್ಯುಕ್ತವಾಗಿ ಆರಂಭಿಸಿತು. ಪೇಟೆಯಲ್ಲಿ ಬಲವಾದ ಒಂದು ಖಾಸಗಿ ಕಂಪನಿ, ಹಳ್ಳಿಯಲ್ಲಿ ಸಿಗುವ ಇನ್ನೊಂದು ಕಂಪನಿ, ಹೀಗೆ ಎರಡು ಬೇರೆ ಕಂಪನಿಗಳ ಸಿಮ್‌ಗಳನ್ನು ಒಂದೇ ಫೋನಿನಲ್ಲಿ ಇಟ್ಟುಕೊಳ್ಳುವುದು ವಿವೇಕ. ಎರಡನ್ನೂ ಒಂದೇ ಕಂಪನಿಯಿಂದ ಪಡೆದರೆ ಗೋಪುರ ಕೆಟ್ಟ ದಿನ ಎರಡೂ ಮೌನವಾಗುತ್ತವೆ.

ಹಳೆಯ ಸಾಧನಗಳನ್ನೂ ಗಮನಿಸಬೇಕು. 2016ರ ಸೆಪ್ಟೆಂಬರಿನಲ್ಲಿ ಸೇವೆ ಆರಂಭಿಸಿದ ಜಿಯೋ ಕಂಪನಿಗೆ 2ಜಿ ಜಾಲವೇ ಇಲ್ಲ. ಹಮಾಲರ ಮೇಸ್ತ್ರಿಯ ಬಳಿಯಿರುವ ಹಳೆಯ ಗುಂಡಿ ಫೋನಿಗಾಗಲಿ, 2ಜಿ ಮೇಲೆ ನಡೆಯುವ ಹಳೆಯ ಕಾರ್ಡ್ ಉಜ್ಜುವ ಯಂತ್ರಕ್ಕಾಗಲಿ ಅದರ ಸಿಮ್ ಹೊಂದುವುದಿಲ್ಲ. ಎಲ್ಲ ಸಂಪರ್ಕಗಳನ್ನು ಒಟ್ಟಿಗೆ ಒಂದು ಕಂಪನಿಗೆ ಬದಲಿಸುವ ಮೊದಲು ಪ್ರತಿಯೊಂದು ಸಾಧನದ ಪಟ್ಟಿ ಮಾಡಿರಿ. ಮಾತನಾಡಲು ಮಾತ್ರ ಬಳಸುವ ನೌಕರರಿಗೆ ಡೇಟಾ ಸಹಿತವಾದ ಯೋಜನೆ ಬೇಕಿಲ್ಲ. ಕರೆ ಮತ್ತು ಸಂದೇಶಕ್ಕೆ ಸೀಮಿತವಾದ ಯೋಜನೆಗಳನ್ನೂ ಕಂಪನಿಗಳು ಕೊಡಬೇಕೆಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ವಿಧಿಸಿದೆ.

ಪ್ರೀಪೇಯ್ಡೋ ಪೋಸ್ಟ್‌ಪೇಯ್ಡೋ?

ಇದನ್ನು ತೆರಿಗೆಯ ದೃಷ್ಟಿಯಿಂದ ನೋಡೋಣ. ದೂರಸಂಪರ್ಕ ಸೇವೆಯ ಮೇಲೆ ಜಿಎಸ್‌ಟಿ ಶೇ. 18. ಹನ್ನೆರಡು ಫೋನುಗಳಿರುವ ಸಂಸ್ಥೆಯೊಂದು ಪ್ರತಿ ಫೋನಿಗೆ ತಿಂಗಳಿಗೆ ತೆರಿಗೆ ಬಿಟ್ಟು 500 ರೂಪಾಯಿ ಕೊಡುತ್ತದೆ ಎಂದುಕೊಳ್ಳಿ. ತೆರಿಗೆ ತಿಂಗಳಿಗೆ 1,080 ರೂಪಾಯಿ, ವರ್ಷಕ್ಕೆ 12,960 ರೂಪಾಯಿ. ಸಂಪರ್ಕ ಸಂಸ್ಥೆಯ ಹೆಸರಿನಲ್ಲಿದ್ದು, ಬಿಲ್ಲಿನಲ್ಲಿ ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ಇದ್ದು, ಅದು ನಿಮ್ಮ ಜಿಎಸ್‌ಟಿಆರ್-2ಬಿ ತಖ್ತೆಯಲ್ಲಿ ಕಾಣಿಸಿಕೊಂಡರೆ ಈ ಮೊತ್ತವನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು. ಸ್ವಂತ ಬಳಕೆಯ ಪಾಲನ್ನು ಬಿಟ್ಟುಕೊಡಬೇಕು. ರಾಜಿ ತೆರಿಗೆ, ಅಂದರೆ ಕಾಂಪೊಸಿಷನ್ ಪದ್ಧತಿಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ. ನೌಕರನ ಹೆಸರಿನ ಸಿಮ್‌ಗೆ ನಗದು ಕೊಟ್ಟು ರೀಚಾರ್ಜ್ ಮಾಡಿಸಿ ವೋಚರು ಬರೆದರೆ ಖರ್ಚು ಪುಸ್ತಕದಲ್ಲಿ ಬಿದ್ದೀತು, ತೆರಿಗೆಯ ಜಮೆ ಮಾತ್ರ ಕೈಬಿಟ್ಟು ಹೋಗುತ್ತದೆ.

ಫೋನಿನ ಖರೀದಿಗೂ ಇದೇ ಮಾತು ಅನ್ವಯಿಸುತ್ತದೆ. 2020ರ ಏಪ್ರಿಲ್ 1ರಿಂದ ಮೊಬೈಲ್ ಫೋನಿನ ಜಿಎಸ್‌ಟಿ ಶೇ. 18. ಈ ತೆರಿಗೆಯನ್ನು ಜಮೆಯಾಗಿ ಪಡೆದವರು ಅದೇ ಮೊತ್ತವನ್ನು ಫೋನಿನ ಬೆಲೆಗೆ ಸೇರಿಸಿ ಸವಕಳಿ ಕೇಳುವಂತಿಲ್ಲ. ಎರಡರಲ್ಲಿ ಒಂದು ಮಾತ್ರ.

ಪೋಸ್ಟ್‌ಪೇಯ್ಡ್‌ನ ಇನ್ನೊಂದು ಲಾಭ ತೆರಿಗೆಗೆ ಸಂಬಂಧಿಸಿದ್ದಲ್ಲ. ಪ್ರೀಪೇಯ್ಡ್ ಸಂಖ್ಯೆ ಮರೆವಿನಿಂದ ಸಾಯುತ್ತದೆ. ಹಾಗೆ ರದ್ದಾದ ಸಂಖ್ಯೆಯನ್ನು 90 ದಿನಗಳ ಅನಂತರ ಬೇರೊಬ್ಬರಿಗೆ ಕೊಡಲು ಅವಕಾಶವಿದೆ. ನಿಮ್ಮ ಬ್ಯಾಂಕಿನ, ಜಿಎಸ್‌ಟಿ ಪೋರ್ಟಲಿನ ಒಟಿಪಿಗಳು ಅಂದಿನಿಂದ ಅಪರಿಚಿತರೊಬ್ಬರ ಫೋನಿಗೆ ಹೋಗಲಾರಂಭಿಸುತ್ತವೆ. ಆದುದರಿಂದ ನೋಂದಣಿಗಳಲ್ಲಿ ಕೊಟ್ಟಿರುವ ಸಂಖ್ಯೆಯನ್ನಾದರೂ ಪೋಸ್ಟ್‌ಪೇಯ್ಡ್ ಮಾಡಿಸಿ, ಬಿಲ್ಲು ಬ್ಯಾಂಕಿನಿಂದ ತಾನಾಗಿಯೇ ಪಾವತಿಯಾಗುವಂತೆ ವ್ಯವಸ್ಥೆ ಮಾಡಿರಿ.

ವರ್ಗಾವಣೆಯ ವಿಧಾನ ಸರಳ. ಸಂಖ್ಯೆಯಿಂದ 1900ಕ್ಕೆ ಸಂದೇಶ ಕಳುಹಿಸಿ ಗುಪ್ತ ಸಂಕೇತ ಪಡೆಯಬೇಕು. ನಮ್ಮ ರಾಜ್ಯದಲ್ಲಿ ಅದರ ಅವಧಿ ನಾಲ್ಕು ದಿನ. ಪೋಸ್ಟ್‌ಪೇಯ್ಡ್ ಆಗಿದ್ದರೆ ಹಳೆಯ ಬಾಕಿ ತೀರಿರಬೇಕು. 2019ರ ಡಿಸೆಂಬರಿನ ನಿಯಮದಂತೆ ರಾಜ್ಯದೊಳಗಿನ ವರ್ಗಾವಣೆಗೆ ಮೂರು ಕೆಲಸದ ದಿನಗಳು ಸಾಕು. ಸಂಸ್ಥೆಯ ಹೆಸರಿನ ಸಂಪರ್ಕಗಳಿಗೆ ಅಧಿಕೃತ ಸಹಿದಾರರ ಪತ್ರ ಬೇಕು. ಸಿಮ್ ಬದಲಿಸಿಕೊಂಡ ಏಳು ದಿನಗಳೊಳಗೆ ಈ ಸಂಕೇತ ದೊರಕದಂತೆ 2024ರ ಜುಲೈ 1ರಿಂದ ತಡೆ ಹಾಕಲಾಗಿದೆ. ನಕಲಿ ಸಿಮ್ ಪಡೆದು ಸಂಖ್ಯೆಯನ್ನೇ ಅಪಹರಿಸುವವರಿಗೆ ಹಾಕಿದ ತಡೆ ಅದು. ಸಾಲು ರಿಟರ್ನ್ಸ್ ಸಲ್ಲಿಸುವ 20ನೆಯ ತಾರೀಖಿನ ಆಸುಪಾಸಿನಲ್ಲಿ ಮಾತ್ರ ವರ್ಗಾವಣೆಗೆ ಕೈ ಹಾಕಬೇಡಿರಿ.

ಇ-ಮೇಲ್: ಸೇವಾದಾತರಿಗೆ ಕಟ್ಟಿಹಾಕಬೇಡಿರಿ

ಫೋನಿನಲ್ಲಿ ವ್ಯಾಪಾರದ ಇ-ಮೇಲ್ ಎಂಬುದು ನಮ್ಮಲ್ಲಿ ಬ್ಲ್ಯಾಕ್‌ಬೆರಿಯೊಂದಿಗೆ ಬಂದಿತು. 2004ರಲ್ಲಿ ಅದು ಭಾರತಕ್ಕೆ ಕಾಲಿಟ್ಟಾಗ ಮೊಬೈಲ್ ಕಂಪನಿಯಿಂದ ಅದಕ್ಕೆಂದೇ ಪ್ರತ್ಯೇಕ ಯೋಜನೆ ಪಡೆಯಬೇಕಿತ್ತು. ಇ-ಮೇಲ್, ಫೋನು, ಸೇವಾದಾತ ಕಂಪನಿ ಮೂರೂ ಒಂದೇ ಗಂಟಿನಲ್ಲಿದ್ದವು. 2022ರ ಜನವರಿ 4ರಂದು ಆ ಹಳೆಯ ಫೋನುಗಳ ಸೇವೆ ಶಾಶ್ವತವಾಗಿ ನಿಂತಿತು. ಇಂದು ಆ ಗಂಟು ಬಿಚ್ಚಿದೆ. ಯಾವ ಕಂಪನಿಯ ಸಿಮ್ ಇದ್ದರೂ, ಯಾವ ಫೋನ್ ಇದ್ದರೂ ಇ-ಮೇಲ್ ನಡೆಯುತ್ತದೆ. ಬ್ರಾಡ್‌ಬ್ಯಾಂಡ್ ಅಥವಾ ದೂರವಾಣಿ ಕಂಪನಿ ಸಂಪರ್ಕದೊಂದಿಗೆ ಕೊಟ್ಟ ಇ-ಮೇಲ್ ವಿಳಾಸವನ್ನು ವ್ಯಾಪಾರಕ್ಕೆ ಬಳಸುತ್ತಿರುವವರು ಇನ್ನಾದರೂ ಅದರಿಂದ ಹೊರಬರಬೇಕು. ಸಂಖ್ಯೆಯನ್ನು ಕಂಪನಿಯಿಂದ ಕಂಪನಿಗೆ ಒಯ್ಯಬಹುದು, ಅಂತಹ ಇ-ಮೇಲ್ ವಿಳಾಸವನ್ನು ಒಯ್ಯಲಾಗದು.

ನಮ್ಮ ಮುಂದಿರುವ ದಾರಿಗಳು ಮೂರು.

ಮೊದಲನೆಯದು ಜಿಮೇಲ್‌ನಂತಹ ಉಚಿತ ಖಾತೆ. ಸಣ್ಣ ಅಂಗಡಿಗೆ ಇದು ಸಾಕಾದೀತು. ಆದರೆ ಅದರ 15 ಜಿಬಿ ಸ್ಥಳದಲ್ಲಿ ಫೋನಿನ ಚಿತ್ರಗಳೂ ಕಡತಗಳೂ ಪಾಲು ಪಡೆಯುತ್ತವೆ. ತುಂಬಿದರೆ ಹೊಸ ಪತ್ರಗಳು ಬರುವುದಿಲ್ಲ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಗೂಗಲ್ 2023ರ ಡಿಸೆಂಬರಿನಿಂದ ಅಳಿಸಲಾರಂಭಿಸಿದೆ ಎಂಬುದನ್ನೂ ನೆನಪಿಡಿರಿ.

ಎರಡನೆಯದು ಸಂಸ್ಥೆಯ ಹೆಸರಿನ ಸ್ವಂತ ಡೊಮೇನ್ ಕೊಂಡು, ಜಾಲತಾಣ ಇರಿಸುವ ಕಂಪನಿಯೇ ಕೊಡುವ ಇ-ಮೇಲ್ ಬಳಸುವುದು. ಖರ್ಚು ಕಡಿಮೆ, ಆದರೆ ಸ್ಥಳವೂ ಭದ್ರತೆಯೂ ಹಲವೊಮ್ಮೆ ಕಡಿಮೆ.

ಮೂರನೆಯದು ಅದೇ ಡೊಮೇನನ್ನು ಗೂಗಲ್, ಮೈಕ್ರೋಸಾಫ್ಟ್ ಅಥವಾ ಚೆನ್ನೈಯ ಜೋಹೋದಂತಹ ಸಂಸ್ಥೆಯ ಪಾವತಿ ಸೇವೆಗೆ ಜೋಡಿಸುವುದು. ಪ್ರತಿ ಪೆಟ್ಟಿಗೆಗೆ ತಿಂಗಳ ಶುಲ್ಕವುಂಟು. ಆದರೆ ಆಡಳಿತದ ಅಧಿಕಾರ ಮಾಲೀಕರ ಕೈಯಲ್ಲಿರುತ್ತದೆ. ನೌಕರ ಕೆಲಸ ಬಿಟ್ಟ ದಿನವೇ ಅವನ ಗುಪ್ತಪದ ಬದಲಿಸಿ, ಅವನ ಪತ್ರವ್ಯವಹಾರವನ್ನು ಮುಂದಿನವರಿಗೆ ಒಪ್ಪಿಸಬಹುದು. ನಾಲ್ಕಾರು ನೌಕರರಿರುವ ಯಾವ ಸಂಸ್ಥೆಗೂ ನನ್ನ ಸಲಹೆ ಇದೇ. ಮುಂದೆ ಸೇವೆ ಹಿಡಿಸದಿದ್ದರೆ ಡೊಮೇನಿನ ಎಂಎಕ್ಸ್ ದಾಖಲೆಯನ್ನು, ಅಂದರೆ ಪತ್ರಗಳನ್ನು ಯಾವ ಅಂಚೆಮನೆಗೆ ತಲುಪಿಸಬೇಕೆಂಬ ಸೂಚನೆಯನ್ನು ಬದಲಿಸಿದರಾಯಿತು. ವಿಳಾಸ ಅದೇ ಉಳಿಯುತ್ತದೆ.

ಇಲ್ಲಿಯೂ ಅದೇ ಎಚ್ಚರಿಕೆ. ಡೊಮೇನನ್ನು ನೋಂದಾಯಿಸುವಾಗ ಜಾಲತಾಣ ಮಾಡಿಕೊಟ್ಟ ಹುಡುಗ ತನ್ನ ಹೆಸರು, ತನ್ನ ಖಾತೆ ಬಳಸಿರುವುದನ್ನು ನಾನು ಅನೇಕ ಸಂಸ್ಥೆಗಳಲ್ಲಿ ಕಂಡಿದ್ದೇನೆ. ಆತ ಊರು ಬಿಟ್ಟರೆ ಅಥವಾ ವಾರ್ಷಿಕ ಶುಲ್ಕ ಕಟ್ಟಲು ಮರೆತರೆ ಸಂಸ್ಥೆಯ ಎಲ್ಲ ಇ-ಮೇಲ್‌ಗಳೂ ಒಂದೇ ದಿನ ನಿಲ್ಲುತ್ತವೆ. ನೋಂದಣಿ ಸಂಸ್ಥೆಯ ಹೆಸರಿನಲ್ಲಿರಲಿ, ಬಿಲ್ಲು ನಿಮ್ಮ ಜಿಎಸ್‌ಟಿ ಸಂಖ್ಯೆಗೆ ಬರಲಿ.

ಫೋನಿನಲ್ಲಿ ಹೊಂದಿಸುವಾಗ

ಪಾಪ್ ಮತ್ತು ಐಮ್ಯಾಪ್ ಎಂಬ ಎರಡು ವಿಧಾನಗಳು ಕಾಣಿಸುತ್ತವೆ. ಪಾಪ್ ಪತ್ರಗಳನ್ನು ಫೋನಿಗೆ ಇಳಿಸಿಕೊಳ್ಳುತ್ತದೆ. ಪ್ರತಿ ಉಳಿಸುವಂತೆ ಸೂಚಿಸದಿದ್ದರೆ ಮೂಲ ಪೆಟ್ಟಿಗೆ ಬರಿದಾಗಬಹುದು. ಫೋನು ಕಳೆದರೆ ಪತ್ರಗಳೂ ಹೋದಂತೆ. ಐಮ್ಯಾಪ್ ಪತ್ರಗಳನ್ನು ಸರ್ವರಿನಲ್ಲಿಯೇ ಇಟ್ಟು, ಫೋನು ಹಾಗೂ ಕಚೇರಿಯ ಗಣಕಯಂತ್ರ ಎರಡರಲ್ಲೂ ಒಂದೇ ಚಿತ್ರ ತೋರಿಸುತ್ತದೆ. ಐಮ್ಯಾಪನ್ನೇ ಆರಿಸಿರಿ. ಆದರೆ ಫೋನಿನಲ್ಲಿ ಅಳಿಸಿದ ಪತ್ರ ಕಚೇರಿಯಲ್ಲೂ ಅಳಿಯುತ್ತದೆ ಎಂಬುದು ನೌಕರರಿಗೆ ತಿಳಿದಿರಬೇಕು. ಬರುವ ಪತ್ರಕ್ಕೆ 993, ಹೋಗುವ ಪತ್ರಕ್ಕೆ 465 ಅಥವಾ 587 ಎಂಬ ಪೋರ್ಟ್ ಸಂಖ್ಯೆಗಳು ರಕ್ಷಿತ ಸಂಪರ್ಕದವು. ಬರಿಯ ಗುಪ್ತಪದದಿಂದ ಹಳೆಯ ಆ್ಯಪ್‌ಗಳು ಒಳಬರುವುದನ್ನು ಗೂಗಲ್ ತನ್ನ ವೈಯಕ್ತಿಕ ಖಾತೆಗಳಲ್ಲಿ, ಮೈಕ್ರೋಸಾಫ್ಟ್ ತನ್ನ ಎಕ್ಸ್‌ಚೇಂಜ್ ಆನ್‌ಲೈನ್ ಸೇವೆಯಲ್ಲಿ 2022ರಲ್ಲಿ ತಡೆಯಲಾರಂಭಿಸಿದವು. ಹಳೆಯ ಫೋನಿನಲ್ಲಿ ಇ-ಮೇಲ್ ತಟ್ಟನೆ ನಿಂತು ಹೋಗಿದ್ದರೆ ಕಾರಣ ಇದಿರಬಹುದು.

ಎರಡು ಹಂತದ ಪರಿಶೀಲನೆಯನ್ನು ಎಲ್ಲ ಖಾತೆಗಳಿಗೂ ಹಾಕಿರಿ. ಅದಕ್ಕೆ ಎಸ್‌ಎಂಎಸ್‌ಗಿಂತ ಫೋನಿನಲ್ಲಿರುವ ದೃಢೀಕರಣ ಆ್ಯಪ್ ಉತ್ತಮ, ಏಕೆಂದರೆ ಸಿಮ್ ಕದ್ದವನಿಗೆ ಅದು ಸಿಗದು. ಬ್ಯಾಂಕ್ ಖಾತೆ ಬದಲಾಗಿದೆ ಎಂದು ಸರಬರಾಜುದಾರರಿಂದ ಇ-ಮೇಲ್ ಬಂದರೆ, ಹಳೆಯ ಸಂಖ್ಯೆಗೆ ಕರೆ ಮಾಡಿ ವಿಚಾರಿಸದೆ ಹಣ ಕಳುಹಿಸಬೇಡಿರಿ. ಮೋಸವಾಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿರಿ.

ಕಾನೂನಿನ ಮಾತು

ನನ್ನ ಕಕ್ಷಿದಾರರ "ನೋಟೀಸೇ ಬಂದಿಲ್ಲ" ಎಂಬ ಮಾತು ಮನುಷ್ಯಸಹಜ, ಆದರೆ ಕಾನೂನಿನ ಮುಂದೆ ದುರ್ಬಲ. ಜಿಎಸ್‌ಟಿ ಕಾಯಿದೆಯ 169ನೆಯ ಕಲಮಿನಂತೆ, ನೋಂದಣಿಯಲ್ಲಿ ಕೊಟ್ಟ ಇ-ಮೇಲ್ ವಿಳಾಸಕ್ಕೆ ಕಳುಹಿಸುವುದೂ ಜಾರಿಯ ಒಂದು ಮಾನ್ಯ ವಿಧಾನ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 13ನೆಯ ಕಲಮಿನ ಪ್ರಕಾರ, ಪತ್ರ ಪಡೆಯಲೆಂದು ನೀವೇ ಗೊತ್ತುಪಡಿಸಿದ ಗಣಕ ವ್ಯವಸ್ಥೆಯನ್ನು ಅದು ಪ್ರವೇಶಿಸಿದ ಕ್ಷಣವೇ ನಿಮಗೆ ತಲುಪಿದಂತೆ. ನೀವು ತೆರೆದು ಓದಿದಿರೋ ಇಲ್ಲವೋ ಎಂಬುದು ಅಲ್ಲಿ ಪ್ರಶ್ನೆಯಲ್ಲ. ಕಂಪನಿಗಳಂತೂ ಕಂಪನಿ ಕಾಯಿದೆಯ 12ನೆಯ ಕಲಮಿನಂತೆ ತಮ್ಮ ದೂರವಾಣಿ ಸಂಖ್ಯೆ, ಇ-ಮೇಲ್ ವಿಳಾಸಗಳನ್ನು ವ್ಯವಹಾರ ಪತ್ರಗಳ ಮೇಲೆ ಮುದ್ರಿಸಲೇಬೇಕು.

ಆದುದರಿಂದ ಈ ತಿಂಗಳು ಒಂದು ಮಧ್ಯಾಹ್ನವನ್ನು ಈ ಕೆಲಸಕ್ಕೆ ಮೀಸಲಿಡಿರಿ:

1. ಜಿಎಸ್‌ಟಿ, ಆದಾಯ ತೆರಿಗೆ, ಉದ್ಯಮ್, ಬ್ಯಾಂಕ್ ಇವುಗಳಲ್ಲಿ ಯಾವ ಸಂಖ್ಯೆ, ಯಾವ ಇ-ಮೇಲ್ ಇದೆ ಎಂದು ಒಂದೇ ಹಾಳೆಯಲ್ಲಿ ಬರೆಯಿರಿ.

2. ಜಿಎಸ್‌ಟಿ ಪೋರ್ಟಲಿನಲ್ಲಿ ಇವನ್ನು ಒಟಿಪಿ ಮೂಲಕ ನೀವೇ ಬದಲಿಸಬಹುದು. ಲೆಕ್ಕಪರಿಶೋಧಕರ ವಿಳಾಸವಿದ್ದರೆ ಸಂಕೋಚವಿಲ್ಲದೆ ತೆಗೆಸಿರಿ.

3. ನೌಕರರ ಹೆಸರಿನಲ್ಲಿರುವ ವ್ಯಾಪಾರದ ಸಂಖ್ಯೆಗಳನ್ನು ಅವರ ಒಪ್ಪಿಗೆ ಪಡೆದು ಸಂಸ್ಥೆಯ ಹೆಸರಿಗೆ ಮಾಡಿಸಿರಿ. ಬಳಸುವ ಪ್ರತಿಯೊಬ್ಬರ ಗುರುತಿನ ಪರಿಶೀಲನೆಯೂ ಈಗ ಕಡ್ಡಾಯ.

4. ಸಂಚಾರ್ ಸಾಥಿ ಜಾಲತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಂಪರ್ಕಗಳಿವೆ ಎಂದು ನೋಡಿ, ನಿಮ್ಮದಲ್ಲದ್ದನ್ನು ತಿಳಿಸಿರಿ. ಫೋನ್ ಕಳೆದರೆ ಅಲ್ಲಿಯೇ ಅದನ್ನು ನಿರ್ಬಂಧಿಸಬಹುದು.

5. ಲೆಕ್ಕಪತ್ರಕ್ಕೆಂದೇ ಒಂದು ಇ-ಮೇಲ್ ವಿಳಾಸವಿರಲಿ. ಅದನ್ನು ಮಾಲೀಕರೂ ತಮ್ಮ ಫೋನಿನಲ್ಲಿ ದಿನಕ್ಕೊಮ್ಮೆ ನೋಡಲಿ.

ಇನ್ನು ಮೆಣಸಿನಕಾಯಿಯ ವ್ಯಾಪಾರಿಯ ವಿಷಯ. ಮೇಲ್ಮನವಿಗೆ ಇದ್ದ ಮೂರು ತಿಂಗಳು ಆಗಲೇ ಮುಗಿದಿದ್ದವು. ವಿಳಂಬ ಮನ್ನಿಸಲು ಕಾಯಿದೆ ಕೊಡುವ ಇನ್ನೊಂದು ತಿಂಗಳಲ್ಲಿ ಕೆಲವೇ ದಿನಗಳು ಉಳಿದಿದ್ದವು. ವಿವಾದಿತ ತೆರಿಗೆಯ ಶೇ. 10ರಷ್ಟು ಠೇವಣಿಯಿಟ್ಟು ಅರ್ಜಿ ಸಲ್ಲಿಸಿದೆವು. ದಾಖಲೆಗಳೆಲ್ಲ ಸರಿಯಾಗಿಯೇ ಇದ್ದುದರಿಂದ ಮುಂದೆ ಆದೇಶ ರದ್ದಾಯಿತು. ಆದರೆ ಖಾತೆ ಬಿಡುಗಡೆಯಾಗುವವರೆಗಿನ ದಿನಗಳಲ್ಲಿ ದಲಾಲರ ಬಳಿ ಅವರು ಮೂವತ್ತು ವರ್ಷ ಉಳಿಸಿಕೊಂಡಿದ್ದ ಮಾತು ಸಡಿಲವಾಯಿತು. ಅದಕ್ಕೆ ಯಾವ ಮೇಲ್ಮನವಿಯೂ ಇಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆಯಂತೆ, ಅಂದು ಸಂಜೆಯೇ ನನ್ನ ಕಚೇರಿಯ ವಿಳಾಸವಿದ್ದ ಎಲ್ಲ ಕಕ್ಷಿದಾರರ ಪಟ್ಟಿ ಮಾಡಲು ಕುಳಿತೆ. ಒಬ್ಬೊಬ್ಬರನ್ನೇ ಕರೆಸಿ ಬದಲಿಸಿ ಮುಗಿಸಲು ನಾಲ್ಕು ತಿಂಗಳು ಹಿಡಿಯಿತು. ಸದಸ್ಯ ಮಿತ್ರರು ತಮ್ಮ ಲೆಕ್ಕಪರಿಶೋಧಕರು ಕರೆಯುವವರೆಗೆ ಕಾಯದೆ, ತಾವೇ ಹೋಗಿ ಕೇಳುವುದು ಒಳಿತು.